ಒಂಬತ್ತನೇ ಕೋಲಿಯ ನಸೀಬು

ಹೋದ ತಿಂಗಳು ತಪಾಸಣೆಯ ಕೆಲಸಕ್ಕೆಂದು ಅಫಜಲಪುರಕ್ಕೆ ಹೋಗಿದ್ದೆ. ಕೆಲವು ವರ್ಷಗಳ ಹಿಂದೆ ನಾನೇ ವಾರ್ಡನ್ ಆಗಿದ್ದ ಬಾಲಕಿಯರ ಹಾಸ್ಟೆಲ್ಲನ್ನು ಈಗ ಮೇಲಧಿಕಾರಿಯಾಗಿ ನೋಡಿಬರಬೇಕಿತ್ತು. ಈಗಿನ ವಾರ್ಡನ್ ಚಿಕ್ಕ ವಯಸ್ಸಿನವಳು, ಕೆಲಸದಲ್ಲಿ ಚುರುಕು. ಅಡುಗೆಮನೆ, ಉಗ್ರಾಣ, ಬಚ್ಚಲು ಎಲ್ಲವನ್ನೂ ತೋರಿಸಿ, ಕೊನೆಗೆ ಉದ್ದನೆಯ ಪಡಸಾಲೆಯ ತುದಿಗೆ ಕರೆದೊಯ್ದಳು. ಅಲ್ಲೊಂದು ಬೀಗ ಹಾಕಿದ ಬಾಗಿಲು. ಅದರ ಮುಂದೆ ನಿಂತು ದನಿ ತಗ್ಗಿಸಿದಳು.

"ಇದೊಂದು ಕೋಲಿ ಅದ ನೋಡ್ರಿ ಮೇಡಂ. ಇಲ್ಲಿ ಇದ್ದ ಹುಡುಗ್ಯಾರು ಪಾಸ್ ಆಗಂಗಿಲ್ಲ ಅಂತಾರ. ನಾ ಏನ್ ನಂಬಂಗಿಲ್ರಿ. ಆದ್ರ ಸುಮ್ಮನ ಯಾಕ ಬೇಕು ಅಂತ ಹಳೇ ಹಾಸಿಗಿ ಇಡಾಕತ್ತೇನಿ."

ಆ ಗೋಡೆಗೇ ಹಣೆ ಚಚ್ಚಿಕೊಳ್ಳಬೇಕೆನಿಸಿತು. ಒಂದು ವರ್ಷ ಪೂರ್ತಿ ಆ ಕೋಲಿಯ ಜೊತೆ ಜಗಳಾಡಿದವಳು ನಾನು. ಗೆದ್ದಿದ್ದೇನೆಂದೇ ತಿಳಿದುಕೊಂಡಿದ್ದೆ. ನಾನು ವರ್ಗವಾಗಿ ಹೋದಮೇಲೆ ಅದು ಮತ್ತೆ ತನ್ನ ಜಾಗಕ್ಕೆ ಬಂದು ಕೂತಿದೆ. ಆ ಹುಡುಗಿಗೆ ಏನು ಹೇಳಿದೆನೋ ನೆನಪಿಲ್ಲ. ವಾಪಸ್ ಕಲಬುರಗಿಗೆ ಹೊರಟ ಬಸ್ಸಿನಲ್ಲಿ ಮಾತ್ರ ದಾರಿಯುದ್ದಕ್ಕೂ ಆ ವರ್ಷವೇ ಕಣ್ಣ ಮುಂದೆ ಬರುತ್ತಿತ್ತು.

ನಮ್ಮೂರು ಜೇವರ್ಗಿ ತಾಲ್ಲೂಕಿನ ನೆಲೋಗಿ. ಮಳೆ ಬಂದರೆ ಬೆಳೆ ಎನ್ನುವ ಒಣಬೇಸಾಯ. ಹಾಗಾಗಿ ನಮ್ಮ ಮನೆಯಲ್ಲಿ ನಸೀಬು ಎಂಬ ಮಾತು ಉಪ್ಪಿನಷ್ಟೇ ಬಳಕೆಯಲ್ಲಿತ್ತು. ಹೊಲದ ಮಟ್ಟಿಗೆ ಅಪ್ಪ ಹೇಳುತ್ತಿದ್ದುದರಲ್ಲಿ ಸುಳ್ಳೇನಿರಲಿಲ್ಲ, ಮೋಡವನ್ನು ಯಾರು ಹಿಡಿದು ತರಲಾದೀತು? ಆದರೆ ಅವರು ಆ ಮಾತನ್ನು ಹೊಲದಲ್ಲೇ ಬಿಟ್ಟು ಬರುತ್ತಿರಲಿಲ್ಲ. ನನ್ನ ತಮ್ಮ ನಪಾಸಾದಾಗಲೂ ನಸೀಬು, ನನಗೆ ನೌಕರಿ ಸಿಕ್ಕಾಗಲೂ ನಸೀಬು. ನಾನು ಎರಡು ಸಲ ಸೋತು, ಮೂರನೇ ಸಲ ಬರೆದು ಪಾಸಾದ ನೌಕರಿಯ ಪರೀಕ್ಷೆ ಅದು. ಫಲಿತಾಂಶ ಬಂದ ದಿನ ಅಪ್ಪ ಸಂತೋಷದಿಂದ, "ನಿನ್ನ ನಸೀಬ ಚಲೋ ಅದವ್ವಾ" ಎಂದರು. ಸಿಟ್ಟಿಗೆ ನಾನು ಅಂದಿನ ಊಟ ಬಿಟ್ಟೆ. ಅಂಥವಳಿಗೆ ಮೊದಲ ಪೋಸ್ಟಿಂಗಿನಲ್ಲೇ ಈ ಹಾಸ್ಟೆಲ್ ಗಂಟುಬಿತ್ತು.

ಜೂನ್ ಕೊನೆಯಲ್ಲಿ ಹೋಗಿ ಸೇರಿಕೊಂಡೆ. ಮೋಡ ಕಟ್ಟುತ್ತಿತ್ತು, ಮಳೆ ಇರಲಿಲ್ಲ, ಸೆಖೆಯೋ ಸೆಖೆ. ಪಿ.ಯು. ಓದುವ ಹುಡುಗಿಯರಿಗಾಗಿ ಇದ್ದ ಹಾಸ್ಟೆಲ್ ಅದು. ಒಂದೇ ಸಾಲಿನಲ್ಲಿ ಒಂಬತ್ತು ಕೋಣೆಗಳು, ಕೊನೆಯಲ್ಲಿ ನೀರಿನ ಟಾಕಿ. ಅಡುಗೆಯ ಶಿವಲಿಂಗಮ್ಮ ಎಲ್ಲರಿಗಿಂತ ಹಳಬಳು. ಹಣೆ ತುಂಬ ವಿಭೂತಿ, ಸೊಂಟದಲ್ಲಿ ಕೀಲಿಕೈ ಗೊಂಚಲು. ಅವಳೇ ನನ್ನನ್ನು ಕರೆದುಕೊಂಡು ಕೋಣೆಗಳನ್ನೆಲ್ಲ ತೋರಿಸಿದಳು. ಅವಳ ಬಾಯಲ್ಲಿ ಅವು ಕೋಲಿ. ಎಂಟನೆಯದು ಮುಗಿಸಿ ತಿರುಗಿ ನಡೆದಾಗ ನಾನು ಕೇಳಿದೆ, "ಇನ್ನೊಂದು ಅದಲ್ಲ?"

"ಅದು ನಪಾಸಿನ ಕೋಲಿ ರಿ. ನೋಡೋದೇನದ ಅದನ್ನ."

ನಾನು ನಕ್ಕೆ. ಅವಳು ನಗಲಿಲ್ಲ. ತಾನು ಬಂದಾಗಿನಿಂದ ಆ ಕೋಲಿಯಲ್ಲಿದ್ದು ಪಾಸಾದವರನ್ನು ಕಂಡೇ ಇಲ್ಲ ಎಂದು ಹೇಳಿದಳು.

ಜುಲೈ ಹೊತ್ತಿಗೆ ಹುಡುಗಿಯರು ಬಂದರು. ಎಲ್ಲರಿಗಿಂತ ತಡವಾಗಿ ಬಂದ ಮೂವರು ಒಂಬತ್ತನೆಯದಕ್ಕೆ ಬಿದ್ದರು. ಬಂದ ದಿನವೇ ಬಾಗಿಲಿಗೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಆ ಮೂವರು ಓದುತ್ತಲೇ ಇರಲಿಲ್ಲ. ಉಳಿದ ಕೋಣೆಗಳಲ್ಲಿ ಸಂಜೆ ಪುಸ್ತಕ ಹಿಡಿದು ಕೂರುವ ಹೊತ್ತಿಗೆ ಇವರು ತಲೆ ಬಾಚಿಕೊಂಡು ಅಂಗಳದಲ್ಲಿ ಕೂತಿರುತ್ತಿದ್ದರು. ಕೇಳಿದರೆ, "ಓದಿದ್ರೂ ಅಷ್ಟೇ ಅಲ್ರಿ ಮೇಡಂ" ಎನ್ನುತ್ತಿದ್ದರು. ಆ ದನಿಯಲ್ಲಿ ದುಃಖವಿದ್ದರೆ ಸಮಾಧಾನ ಹೇಳಬಹುದಿತ್ತು. ಅದರಲ್ಲೊಂದು ನಿರಾಳವಿತ್ತು, ಅದೇ ನನ್ನನ್ನು ಉರಿಸುತ್ತಿತ್ತು.

ಜುಲೈ ಕೊನೆಯ ಒಂದು ಮಧ್ಯಾಹ್ನ, ಮಳೆ ಹಿಡಿದು ಎರೆಮಣ್ಣೆಲ್ಲ ಚಪ್ಪಲಿಗೆ ಮೆತ್ತಿಕೊಳ್ಳುತ್ತಿದ್ದ ಹೊತ್ತಿನಲ್ಲಿ, ಕರಜಗಿಯಿಂದ ಒಬ್ಬರು ಮಗಳನ್ನು ಕರೆದುಕೊಂಡು ಬಂದರು. ಹುಡುಗಿಯ ಹೆಸರು ರೇಣುಕಾ, ಎರಡನೇ ಪಿ.ಯು. ಕಲಾ ವಿಭಾಗ. ಹಾಸ್ಟೆಲ್ಲಿನ ಎರಡನೇ ಪಟ್ಟಿಯಲ್ಲಿ ಅವಳ ಹೆಸರು ಬಂದಿತ್ತು. ಅಷ್ಟು ಹೊತ್ತಿಗೆ ಖಾಲಿ ಇದ್ದದ್ದು ಒಂಬತ್ತನೇ ಕೋಲಿಯ ಒಂದೇ ಮಂಚ. ಹೇಳಿದ ಕೂಡಲೇ ಆ ತಂದೆಯ ಮುಖ ಬಾಡಿತು.

"ಅದೊಂದು ಬಿಟ್ಟು ಯಾವುದಾರ ಕೊಡ್ರಿ ಮೇಡಂ. ಪಡಸಾಲ್ಯಾಗ ಮಲಗ್ಲಿ ಅಂದ್ರೂ ನಡೀತದ."

ನನಗೆ ರೇಗಿತು. ಅವರ ಕೊರಳಲ್ಲಿ ಇಷ್ಟಲಿಂಗವಿತ್ತು. ಶಕುನ, ಮುಹೂರ್ತ ನಂಬಬೇಡಿ ಎಂದ ಶರಣರನ್ನು ದಿನವೂ ನೆನೆಯುವ ಮನೆಯವರು ಹೀಗೆ ಮಾತನಾಡಿದರೆ ಇನ್ನುಳಿದವರಿಗೆ ಯಾರು ಹೇಳಬೇಕು ಎಂದು ಅವರನ್ನೇ ಕೇಳಿಬಿಟ್ಟೆ. ಅವರು ತಲೆ ತಗ್ಗಿಸಿ, "ಹೌದ್ರಿ, ಖರೆ ಅದ" ಎಂದಷ್ಟೇ ಹೇಳಿ ಮಗಳ ಟ್ರಂಕನ್ನು ತಾವೇ ಹೊತ್ತು ಒಳಗಿಟ್ಟು ಹೋದರು. ರೇಣುಕಾ ಮಂಚದ ತುದಿಯಲ್ಲಿ, ಈಗಲೋ ಆಗಲೋ ಎದ್ದು ಹೋಗುವವಳಂತೆ ಕೂತಳು.

ಅವಳನ್ನು ಅಲ್ಲಿ ಬಿಟ್ಟು ಬರುವಾಗಲೇ ನನಗೆ ಒಂದು ವಿಷಯ ಹೊಳೆಯಿತು. ಶಿವಲಿಂಗಮ್ಮನನ್ನು ಕೇಳಿದೆ, "ಪ್ರತಿ ವರ್ಷ ತಡಾ ಮಾಡಿ ಬಂದವ್ರನ್ನೇ ಇಲ್ಲಿ ಹಾಕ್ತಾರೇನು?"

"ಮತ್ತೆಲ್ಲಿ ಹಾಕೋದ್ರಿ? ಚಲೋ ಕೋಲಿ ಮೊದಲೇ ತುಂಬಿ ಹೋಗಿರ್ತಾವ."

ತಡವಾಗಿ ಬರುವವರು ಯಾರು? ಮೊದಲ ವರ್ಷ ಒಂದೆರಡು ವಿಷಯ ಹೋಗಿ, ಮತ್ತೆ ಬರೆದು ಪಾಸಾದವರು. ಮನೆಯಲ್ಲಿ ಕಳಿಸಲೋ ಬೇಡವೋ ಎಂದು ತಿಂಗಳುಗಟ್ಟಲೆ ಯೋಚಿಸಿ ಕಳಿಸಿದವರು. ಮೊದಲ ತಿಂಗಳ ಪಾಠಗಳನ್ನೇ ಕೇಳದವರು. ಅಂಥವರನ್ನೆಲ್ಲ ಆರಿಸಿ ಆರಿಸಿ ಒಂದೇ ಕೋಣೆಗೆ ತುಂಬಿ, ಕಿಟಕಿಯ ಕೆಳಗೆ ಟಾಕಿಯ ಮೋಟಾರು ಇಟ್ಟು, ಸರಿಯಾಗಿ ಓದುವ ಹೊತ್ತಿಗೆ ಅದನ್ನು ಚಾಲೂ ಮಾಡಿ, ಮೇಲೊಂದು ಮಂಕು ಬಲ್ಬು ಹಾಕಿ, ಆಮೇಲೆ ಕೋಲಿಗೆ ನಸೀಬು ಸರಿಯಿಲ್ಲ ಎನ್ನುತ್ತಿದ್ದರು. ಈ ವರ್ಷ ನಾನೂ ಅದನ್ನೇ ಮಾಡಿದ್ದೆ.

ಸಿಟ್ಟಿನ ಜೊತೆಗೇ ನನಗೆ ಖುಷಿಯೂ ಆಗಿತ್ತು. ಗಂಟು ಬಿಚ್ಚಿತ್ತು. ಸಂಜೆ ಎಲ್ಲ ಹುಡುಗಿಯರನ್ನೂ ಕೂರಿಸಿ ಇದನ್ನು ಬಿಡಿಸಿ ಹೇಳಿದೆ. ಬಹಳ ಶ್ರದ್ಧೆಯಿಂದ ಕೇಳಿದರು. "ಅಂದಮ್ಯಾಲ ಏನ್ ತಿಳೀತು?" ಎಂದೆ.

ಒಂಬತ್ತನೆಯದರ ಒಬ್ಬಳು ಎದ್ದು ನಿಂತು ಹೇಳಿದಳು, "ತಡಾ ಮಾಡಿ ಬಂದವ್ರಿಗೇ ಈ ಕೋಲಿ ಬರ್ತದಲ್ರಿ ಮೇಡಂ, ಅದೇ ಅವ್ರ ನಸೀಬ."

ಬೇರೆಯವರೆಲ್ಲ ಹೌದೆಂದು ತಲೆ ಆಡಿಸಿದರು.

ಮಾತು ಬಿಟ್ಟು ಕೆಲಸಕ್ಕೆ ಇಳಿದೆ. ಕೋಣೆಗೆ ಸುಣ್ಣ ಹಚ್ಚಿಸಿದೆ, ಟ್ಯೂಬ್‌ಲೈಟ್ ಹಾಕಿಸಿದೆ, ಮೋಟಾರು ಹಚ್ಚುವ ವೇಳೆ ಬದಲಿಸಿದೆ. ಬೇರೆ ಕೋಣೆಯವರನ್ನು ಅಲ್ಲಿಗೆ, ಅಲ್ಲಿಯವರನ್ನು ಬೇರೆ ಕಡೆಗೆ ಕಲಸಿ ಹಾಕಲು ನೋಡಿದೆ. ಮನೆಮನೆಯಿಂದ ಫೋನು ಬಂದವು, ಅಳು ಶುರುವಾಯಿತು, ಅದನ್ನು ಕೈಬಿಟ್ಟೆ. ಪೇಂಟರನನ್ನು ಕರೆಸಿ ನಂಬರುಗಳನ್ನು ಆ ತುದಿಯಿಂದ ಹೊಸದಾಗಿ ಬರೆಸಿದೆ. ಒಂಬತ್ತು ಹೋಗಿ ಒಂದಾಯಿತು. ವಾರದೊಳಗೆ ಎಲ್ಲರೂ ಅದನ್ನು 'ಹಳೇ ಒಂಬತ್ತು' ಎಂದು ಕರೆಯತೊಡಗಿದರು. ಶಿವಲಿಂಗಮ್ಮ ಮಾತ್ರ ಹಳೆಯ ಒಂದನೆಯದಕ್ಕೂ ಸ್ವಲ್ಪ ಹೆದರುವಂತಾದಳು, ಅದರ ಬಾಗಿಲ ಮೇಲೆ ಈಗ ಒಂಬತ್ತೆಂದು ಬರೆದಿತ್ತಲ್ಲ.

ಈ ಹೆದರಿಕೆಯನ್ನು ನನ್ನಂತೆಯೇ ಸಹಿಸದವಳು ಇನ್ನೊಬ್ಬಳಿದ್ದಳು, ಮಹಾನಂದಾ. ಆಳಂದ ಕಡೆಯ ಭೂಸನೂರಿನವಳು. ತಂದೆ ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಚಾಲಕ. ಸೋದರಮಾವ ಅಫಜಲಪುರದಲ್ಲಿದ್ದರೆಂದು ಇಲ್ಲಿ ಓದುತ್ತಿದ್ದಳು. ರೇಣುಕಾಳ ತರಗತಿಯೇ, ತರಗತಿಗೆಲ್ಲ ಮೊದಲನೆಯವಳು. ದೀಪಾವಳಿ ರಜೆ ಮುಗಿಸಿ ಬಂದವಳೇ ನನ್ನ ಬಳಿ ಬಂದು, "ನನಗ ಆ ಕೋಲಿ ಕೊಡ್ರಿ ಮೇಡಂ. ನಸೀಬಂತ ನಸೀಬ. ಎಲ್ಲಾ ನಮ್ಮ ಕೈಯಾಗ ಇರ್ತದ" ಎಂದಳು. ನನಗೆ ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು. ಆ ಕೋಲಿಯ ಒಬ್ಬಳು ಸಂತೋಷದಿಂದ ಜಾಗ ಬದಲಾಯಿಸಿಕೊಂಡಳು. ಮಹಾನಂದಾ ಹಾಸಿಗೆ ಹೊತ್ತು ಹಳೇ ಒಂಬತ್ತಕ್ಕೆ ಬಂದಳು, ಬಂದವಳೇ ಲಿಂಬೆಹಣ್ಣನ್ನು ಕಿತ್ತು ಚರಂಡಿಗೆ ಎಸೆದಳು.

ನಸುಕಿನಲ್ಲೇ ಎದ್ದು ಉಳಿದ ಮೂವರನ್ನೂ ಎಬ್ಬಿಸುತ್ತಿದ್ದಳು. ಅವರು ಬೈದುಕೊಳ್ಳುತ್ತಲೇ ಏಳುತ್ತಿದ್ದರು. ಅದು ಒಳ್ಳೆಯದೇ ಆಯಿತು. ಆದರೆ ಅವರಲ್ಲೊಬ್ಬಳ ತಾಯಿಗೆ ಆಪರೇಶನ್ ಆಗಿ, ಹುಡುಗಿ ವಾರ ಮನೆಗೆ ಹೋಗಿ ಬಂದಾಗ ಮಹಾನಂದಾ ಅವಳಿಗೆ, "ಅದೆಲ್ಲಾ ನೆವ ಬೇ. ಮನಸ್ಸಿದ್ರ ಅಲ್ಲೂ ಓದ್ತಿದ್ದಿ" ಎಂದದ್ದು ನನ್ನ ಕಿವಿಗೆ ಬಿತ್ತು. ಮಾತು ನನ್ನದೇ. ನಾನು ದಿನವೂ ಅಂದದ್ದನ್ನೇ ಅವಳು ಅಂದಿದ್ದಳು. ಅವಳ ಬಾಯಲ್ಲಿ ಕೇಳಿದಾಗ ಅದು ಕಲ್ಲಿನಂತಿತ್ತು.

ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳು ಬಂದವು. ರೇಣುಕಾ ಅರ್ಥಶಾಸ್ತ್ರ, ಇಂಗ್ಲಿಷ್ ಎರಡರಲ್ಲೂ ನಪಾಸು. ಅಡುಗೆಮನೆಯ ಹಿಂದೆ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದವಳ ಪಕ್ಕ ಕೂತು ಪತ್ರಿಕೆ ತೆರೆದೆ. ಬಯ್ಯಬೇಕೆಂದೇ ಹೋಗಿದ್ದೆ. ಆದರೆ ನೋಡಿದರೆ ಬರೆದ ಉತ್ತರಗಳಿಗೆಲ್ಲ ಒಳ್ಳೆಯ ಅಂಕ ಬಂದಿತ್ತು. ಅರ್ಧ ಪತ್ರಿಕೆಯೇ ಖಾಲಿ.

"ಇವು ಬರಲಿಲ್ಲೋ, ಬರೀಲಿಲ್ಲೋ?"

ಅವಳು ಬೇಳೆಯಲ್ಲಿ ಕೈಯಾಡಿಸುತ್ತಲೇ ಇದ್ದಳು. "ಎದ್ದು ಬಂದೆನ್ರಿ."

"ಯಾವಾಗ?"

"ಅರ್ಧ ಟೈಮಿಗೆ."

"ಯಾಕ ಬೇ? ಹೊಟ್ಟಿ ನೋಯ್ತಿತ್ತೇನು?"

"ಇಲ್ರಿ. ಕುಂತ್ರ ಏನಾಗ್ತದ? ನಮ್ಮಕ್ಕನೂ ಇದೇ ಕೋಲ್ಯಾಗ ಇದ್ಲ್ರಿ. ಹಗಲು ರಾತ್ರಿ ಓದಿದ್ಲು. ಪರೀಕ್ಷಾದಾಗ ಕಡೀತನ ಕುಂತು ಬರದ್ಲು. ಹೋತು. ಮನ್ಯಾಗ ಎಲ್ಲಾರೂ, ಇಷ್ಟು ಓದಿ ಹಿಂಗಾತಲ್ಲ ಅಂದ್ರು. ಆಕಿ ಆಮ್ಯಾಲ ಪುಸ್ತಕ ಮುಟ್ಟಲಿಲ್ಲ." ಬೇಳೆಯೊಳಗಿನ ಒಂದು ಕಲ್ಲು ಆರಿಸಿ ಎಸೆದು ಹೇಳಿದಳು, "ನಾ ಓದಲಿಲ್ಲ ಅದಕ್ಕ ಹೋತು ಅನ್ನೋದು ಚಲೋ ಅಲ್ರಿ?"

ನಾನು ಪತ್ರಿಕೆ ಮಡಿಸಿಟ್ಟೆ. ಅವಳ ತಂದೆ ಅಂದು ಯಾಕೆ ಹಾಗೆ ಬೇಡಿಕೊಂಡರೆಂಬುದೂ ಆಗ ತಿಳಿಯಿತು. ಈ ಹುಡುಗಿ ಸೋಮಾರಿಯಲ್ಲ, ಪೆದ್ದಿಯೂ ಅಲ್ಲ. ಓದಿ ಸೋಲುವುದು ಹೇಗಿರುತ್ತದೆಂದು ಮನೆಯಲ್ಲೇ ನೋಡಿದ್ದಳು. ಓದದೆ ಸೋತರೆ ಅಷ್ಟು ನೋಯುವುದಿಲ್ಲ ಎಂದು ಲೆಕ್ಕ ಹಾಕಿದ್ದಳು. ಇಂಥವಳಿಗೆ 'ಎಲ್ಲ ನಿನ್ನ ಕೈಯಲ್ಲಿದೆ' ಎಂದರೆ, ಸೋತರೆ ಅದೂ ನಿನ್ನದೇ ಎಂದು ಹೇಳಿದಂತೆ ಕೇಳಿಸುತ್ತದೆ.

"ಒಂದು ಕೆಲಸ ಮಾಡು" ಎಂದೆ. "ಮುಂದಿನ ಪರೀಕ್ಷಾದಾಗ ಕಡೀ ಬೆಲ್ ಹೊಡಿಯೋತನ ಏಳಬ್ಯಾಡ. ಬರಿ ಅಂತ ನಾ ಹೇಳಂಗಿಲ್ಲ. ಪಾಸಾಗು ಅಂತನೂ ಹೇಳಂಗಿಲ್ಲ. ಬರೇ ಕುಂದ್ರು."

"ಬರೇ ಕುಂತು ಏನ್ ಮಾಡ್ಲ್ರಿ?"

"ಫ್ಯಾನ್ ನೋಡು."

ಎಳ್ಳಮಾವಾಸ್ಯೆಗೆ ಎಲ್ಲರೂ ಊರಿಗೆ ಹೋದರು. ವಾಪಸ್ ಬರುವಾಗ ಡಬ್ಬಿಗಳಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ತಂದರು. ಮೂರ್ನಾಲ್ಕು ದಿನ ಶಿವಲಿಂಗಮ್ಮನ ಅಡುಗೆ ಯಾರಿಗೂ ಬೇಡವಾಯಿತು. ಜನವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ ನಡೆಯಿತು. ಅರ್ಥಶಾಸ್ತ್ರದ ದಿನ ಸಂಜೆ ರೇಣುಕಾ ಬಂದಾಗ ಅವಳ ಬೆರಳಿಗೆಲ್ಲ ಮಸಿ ಮೆತ್ತಿತ್ತು.

"ಕುಂತಿದ್ದೇನು?" ಎಂದೆ.

"ಕುಂತಿದ್ದೆರಿ. ಫ್ಯಾನ್ ನೋಡ್ಬೇಕಂದ್ರ ಕರೆಂಟ್ ಹೋಗಿತ್ತು. ಸುಮ್ಮನ ಕುಂದ್ರಾಕ ಬ್ಯಾಸರ ಆತು. ಬರದೆ."

ಫೆಬ್ರುವರಿಯಲ್ಲಿ ಅಂಕ ಬಂದಾಗ ನೋಡಿದರೆ ಅರ್ಥಶಾಸ್ತ್ರ, ಇಂಗ್ಲಿಷ್ ಎರಡರಲ್ಲೂ ಪಾಸಾಗಿದ್ದಳು. ಅಂಕ ಕಡಿಮೆಯೇನೂ ಇರಲಿಲ್ಲ. ನಾನು ಹಿಗ್ಗಿ, ಈಗೇನು ಹೇಳುತ್ತಾಳೋ ಎಂದು ಮುಖ ನೋಡಿದರೆ, "ಪೇಪರ್ ಹಗೂರ ಇತ್ರಿ" ಎಂದಳು.

"ಹಗೂರ ಇತ್ತಂದ್ರ ನಿಮ್ಮ ಕ್ಲಾಸಿನ್ಯಾಗ ಅಷ್ಟು ಮಂದಿ ಯಾಕ ಹೋದ್ರು?"

"ಅವ್ರ ನಸೀಬ್ರಿ."

ಹೋದರೆ ತನ್ನ ಕೋಲಿ, ಬಂದರೆ ಹಗೂರದ ಪೇಪರು. ಎರಡರ ನಡುವೆ ಇವಳು ಎಲ್ಲಿದ್ದಾಳೆ? ಅಂದು ನಾನು ಶಿವಲಿಂಗಮ್ಮನ ಮೇಲೆ ಕಾರಣವಿಲ್ಲದೆ ಹರಿಹಾಯ್ದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಬಿಸಿಲು ನೋಡ್ರಿ, ತಲಿಗೇರ್ತದ" ಎಂದಳು.

ಬಿಸಿಲು ನಿಜಕ್ಕೂ ಏರಿತು. ಮಾರ್ಚ್ ಬಂತು. ಬೋರ್ಡ್ ಪರೀಕ್ಷೆಗೆ ಇನ್ನೇನು ಎರಡು ದಿನ ಇದೆ ಎನ್ನುವಾಗ ಮಹಾನಂದಾಳಿಗೆ ಜ್ವರ ಬಂತು. ಮರುದಿನ ಬೆನ್ನ ಮೇಲೆ, ಕೊರಳಲ್ಲಿ ನೀರುಗುಳ್ಳೆ. ಡಾಕ್ಟರು ನೋಡಿ ಚಿಕನ್‌ಪಾಕ್ಸ್ ಎಂದರು. ಶಿವಲಿಂಗಮ್ಮ ನೋಡಿ, "ಅಮ್ಮ ಬಂದಾಳ" ಎಂದು ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿದಳು. ಕೋಣೆಯ ಉಳಿದವರನ್ನು ಬೇರೆ ಕಡೆ ಕಳಿಸಿದೆ. ಹಾಸ್ಟೆಲ್ಲಿಗೆ ಹಾಸ್ಟೆಲ್ಲೇ ಪಿಸುಗುಟ್ಟತೊಡಗಿತು, ನೋಡಿರಿ, ಅಷ್ಟು ಶಾಣ್ಯಾ ಹುಡುಗಿಯನ್ನೂ ಆ ಕೋಲಿ ಬಿಡಲಿಲ್ಲ. ನನಗೆ ಎಲ್ಲರ ಮೇಲೂ ಕೂಗಾಡಬೇಕೆನಿಸಿತು. ಆದರೆ ಕೂಗಾಡಿ ಹೇಳುವುದೇನು? ಗುಳ್ಳೆಗಳು ಯಾರ ಕೈಯಲ್ಲೂ ಇರಲಿಲ್ಲ.

ಆ ಮಾತನ್ನು ಒಪ್ಪದವಳು ಮಹಾನಂದಾ ಒಬ್ಬಳೇ. ಗೋಡೆ ಕಡೆ ಮುಖ ಮಾಡಿ ಮಲಗಿ, "ನಂದೇ ತಪ್ಪ್ರಿ. ಎರಡು ವಾರದ ಹಿಂದ ಸೋದರಮಾವನ ಮನಿಗೆ ಹೋಗಬಾರದಿತ್ತು. ಅಲ್ಲಿ ಕೂಸಿಗೆ ಆಗಿತ್ತು. ಎಲ್ಲಾ ನಾನೇ ಹಾಳ ಮಾಡ್ಕೊಂಡೆ" ಎನ್ನುತ್ತಿದ್ದಳು. ಮೊದಲ ಪತ್ರಿಕೆಯ ದಿನ ಮೈ ಕೆಂಡವಾಗಿತ್ತು, ಏಳಲಾಗಲಿಲ್ಲ. ನಾನು ಪರೀಕ್ಷಾ ಕೇಂದ್ರಕ್ಕೆ ಹೋಗಿ ಮಾತನಾಡಿ, ಉಳಿದ ಪತ್ರಿಕೆಗಳಿಗೆ ಅವಳನ್ನು ಬೇರೆ ಕೋಣೆಯಲ್ಲಿ ಕೂರಿಸಲು ಒಪ್ಪಿಸಿ ಬಂದೆ. ಬಂದು ಹೇಳಿದರೆ ಬೇಡವೆಂದಳು. ಒಂದು ಹೋದಮೇಲೆ ಎಲ್ಲವೂ ಹೋದಂತೆ. ಬರೆದರೆ ಪೂರ್ತಿ ಬರೆಯಬೇಕು, ಇಲ್ಲವೆಂದರೆ ಬೇಡ. ಎಂಟು ತಿಂಗಳು 'ನಸೀಬು' ಎಂಬ ಮಾತಿಗೆ ತಲೆ ಚಿಟ್ಟು ಹಿಡಿಸಿಕೊಂಡ ನಾನು ಈಗ 'ನನ್ನದೇ ತಪ್ಪು' ಎಂಬ ಮಾತಿನ ಮುಂದೆ ಅಷ್ಟೇ ಸೋತು ನಿಂತಿದ್ದೆ. ಆ ಮಾತಿನಿಂದ ಕೈಕಟ್ಟಿ ಕೂತಿದ್ದಳು ರೇಣುಕಾ, ಈ ಮಾತಿನಿಂದ ಕೈಕಟ್ಟಿ ಮಲಗಿದ್ದಳು ಇವಳು.

ಅವಳನ್ನು ಎಬ್ಬಿಸಿದ್ದು ನಾನಲ್ಲ. ರೇಣುಕಾಳಿಗೆ ಸಣ್ಣವಳಿದ್ದಾಗಲೇ ಆ ಗುಳ್ಳೆ ಆಗಿ ಹೋಗಿತ್ತಂತೆ, ತನಗೆ ಮತ್ತೆ ತಗಲುವುದಿಲ್ಲವೆಂದು ಡಾಕ್ಟರನ್ನು ತಾನೇ ಕೇಳಿಕೊಂಡು ಬಂದು, ಹಾಸಿಗೆ ಎತ್ತಿಕೊಂಡು ಹಳೇ ಒಂಬತ್ತಕ್ಕೆ ವಾಪಸ್ ಹೋದಳು. ಸಂಜೆ ಗಂಜಿ ಕೊಡಲು ಹೋದಾಗ ಬಾಗಿಲ ಬಳಿ ನಿಂತು ಕೇಳಿದೆ. ರೇಣುಕಾ ರಾಜ್ಯಶಾಸ್ತ್ರದ ಪಾಠವನ್ನು ಜೋರಾಗಿ ಓದುತ್ತಿದ್ದಳು.

"ಸುಮ್ಮನ ಕುಂದ್ರಬೇ. ಮೊದಲನೇ ಪೇಪರೇ ಹೋತು, ಇನ್ನ ಏನ್ ಮಾಡೋದದ" ಎಂದಳು ಮಹಾನಂದಾ.

"ಗುಳ್ಳಿ ಬಂದದ್ದು ನಿನ್ನ ಕೈಯಾಗ ಇರಲಿಲ್ಲ. ಹೋದ ಪೇಪರ್ ಮುಂದ ಬರದ್ರಾತು. ನಾಡದ್ದು ಹೋಗಿ ಕುಂದ್ರೋದು ನಿನ್ನ ಕೈಯಾಗ ಅದ. ಅಷ್ಟ ಮಾಡು. ಬರಿ ಅಂತ ನಾ ಹೇಳಂಗಿಲ್ಲ."

ನಾನು ಗಂಜಿಯ ಬಟ್ಟಲು ಹೊಸ್ತಿಲ ಮೇಲಿಟ್ಟು ಸದ್ದಿಲ್ಲದೆ ಬಂದೆ. ಎರಡು ದಿನದ ನಂತರ ತಲೆ ತುಂಬ ದುಪಟ್ಟಾ ಹೊದ್ದ ಮಹಾನಂದಾಳನ್ನು ಆಟೋದಲ್ಲಿ ಕೇಂದ್ರಕ್ಕೆ ಕರೆದೊಯ್ದೆ. ಉಳಿದ ಪತ್ರಿಕೆಗಳನ್ನೆಲ್ಲ ಬರೆದಳು. ಹೋದದ್ದನ್ನು ಪೂರಕ ಪರೀಕ್ಷೆಯಲ್ಲಿ ಬರೆದು ಪಾಸಾದಳು. ಮೊದಲ ಸ್ಥಾನ ತಪ್ಪಿತೆಂದು ಬಹಳ ದಿನ ನನ್ನ ಜೊತೆ ಮಾತು ಕಡಿಮೆ ಮಾಡಿದ್ದಳು. ಈಗ ಆಳಂದದಲ್ಲಿ ಶಿಕ್ಷಕಿ. ರೇಣುಕಾ ನರ್ಸಿಂಗ್ ಓದಿ ಕಲಬುರಗಿಯ ಒಂದು ಆಸ್ಪತ್ರೆಯಲ್ಲಿದ್ದಾಳೆ. ಆ ಕೋಲಿಯ ಇನ್ನಿಬ್ಬರಲ್ಲಿ ಒಬ್ಬಳು ಪಾಸು, ಇನ್ನೊಬ್ಬಳು, ತಾಯಿಯ ಆಪರೇಶನ್ ಆದವಳು, ಹೋದಳು. ಶಿವಲಿಂಗಮ್ಮ ನೆನಪಿಟ್ಟುಕೊಂಡದ್ದು ಆ ಹೋದವಳೊಬ್ಬಳನ್ನೇ.

ಫಲಿತಾಂಶ ಬಂದ ಮೂರ್ನಾಲ್ಕು ದಿನಕ್ಕೆ ರೇಣುಕಾಳ ತಂದೆ ಮಗಳ ಟ್ರಂಕು ಒಯ್ಯಲು ಬಂದರು. ಎರಡನೇ ದರ್ಜೆಯಲ್ಲಿ ಪಾಸಾಗಿದ್ದಳು. ಅವರು ಪೇಢೆಯ ಪೊಟ್ಟಣ ನನ್ನ ಕೈಗಿಟ್ಟು ಕೈಮುಗಿದರು. ಕಣ್ಣು ಒದ್ದೆಯಾಗಿತ್ತು.

"ನಿಮ್ಮಿಂದ ಆತ್ರಿ ಮೇಡಂ. ಕೋಲಿಗೆ ಸುಣ್ಣ ಹಚ್ಚಿ, ನಂಬರ್ ಬದಲು ಮಾಡಿಸಿದ್ರಲ್ಲ, ಅದಕ್ಕ ಎಲ್ಲಾ ಚಲೋ ಆತು."

ಬೆಳಗಿನ ಎಲ್ಲ ನಿದ್ದೆಗೆಟ್ಟ ತಾಸುಗಳೂ, ಆ ಮಸಿ ಮೆತ್ತಿದ ಬೆರಳುಗಳೂ ಒಂದು ಬಕೆಟ್ ಸುಣ್ಣದಲ್ಲಿ ಮುಳುಗಿ ಹೋದವು. ನಾನು ಒಂದು ಪೇಢೆ ತೆಗೆದು ಬಾಯಿಗೆ ಹಾಕಿಕೊಂಡೆ. ಅವರು ಟ್ರಂಕು ಹೊತ್ತು ಆಟೋ ಕಡೆ ನಡೆದರು. ರೇಣುಕಾ ಹಾಸಿಗೆಯ ಸುರುಳಿ ಹಿಡಿದು ಹಿಂದೆ ಉಳಿದಳು.

ಬಿಡಬೇಕಿತ್ತು, ಬಿಡಲಾಗಲಿಲ್ಲ. ಕೇಳಿಯೇ ಬಿಟ್ಟೆ. "ನಿನಗೂ ಹಂಗೇ ಅನಸ್ತದೇನು? ಸುಣ್ಣದಿಂದ ಆತಂತ?"

ಅವಳು ನಕ್ಕಳು. "ಸುಣ್ಣದಿಂದ ಏನಾಗ್ತದ್ರಿ. ಪೇಪರ್ ಹಗೂರ ಇತ್ತು."

ನಾನು ಸಾಕೆಂದು ಒಳಗೆ ತಿರುಗಿದೆ. ಆಟೋದವನು ಹಾರ್ನ್ ಹೊಡೆದ. ಅವಳು ನಾಲ್ಕು ಹೆಜ್ಜೆ ಹೋಗಿ ನಿಂತಳು.

"ಮೇಡಂ."

"ಏನು?"

"ಅರ್ಥಶಾಸ್ತ್ರದಾಗ ಒಂದು ದೊಡ್ಡ ಪ್ರಶ್ನೆ ಇತ್ರಿ. ಅದೊಂದು ಹಗೂರ ಇರಲಿಲ್ಲ. ಕ್ಲಾಸಿನ್ಯಾಗ ಭಾಳ ಮಂದಿ ಬಿಟ್ಟಾರ." ಅಪ್ಪನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದಳು, "ಅದನ್ನ ನಾ ಬರದೇನ್ರಿ."

ಹಾಗೆಂದು, ಏನೋ ಹೆಚ್ಚಿಗೆ ಆಡಿಬಿಟ್ಟವಳಂತೆ, ಹಾಸಿಗೆಯನ್ನು ಹೆಗಲಿಗೇರಿಸಿ ಆಟೋ ಕಡೆ ಓಡಿದಳು.